ಹೂವಿಗಾಗಿ ಬೆಳೆಯುವ ಈರುಳ್ಳಿಗಳು

ಈರುಳ್ಳಿಯನ್ನು ವರ್ಜಿಸಿದ ಕೆಲವು ಮನೆಗಳನ್ನು ಬಿಟ್ಟರೆ, ಅದು ದಿನವೂ ಬಳಕೆಯಾಗದ ಅಡಿಗೆಮನೆ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬೇಕು. ಆದರೂ ಈರುಳ್ಳಿಯ ಹೂ ಹೇಗಿರುತ್ತದೆ ಎಂದು ಕೇಳಿದರೆ ಹೊಲದ ಪರಿಚಯವಿಲ್ಲದವರು ಉತ್ತರಕ್ಕೆ ತಡವರಿಸುವುದುಂಟು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗಡ್ಡೆಗಾಗಿ ಈರುಳ್ಳಿ ಬೆಳೆಯುವ ರೈತನಿಗೆ ಹೂ ಬೇಡವಾದ ವಸ್ತು. ಗಿಡವು ಹೂದಂಟನ್ನು ಎತ್ತಿತೆಂದರೆ ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಅದರ ಪಾಲಾಗುತ್ತದೆ; ಗಡ್ಡೆಯ ನಡುವೆ ಗಟ್ಟಿಯಾದ ದಿಂಡು ಉಳಿಯುತ್ತದೆ; ಅಂಥ ಗಡ್ಡೆ ಬಹುಕಾಲ ಕೆಡದೆ ನಿಲ್ಲುವುದೂ ಇಲ್ಲ. ಬೀಜಕ್ಕಾಗಿ ಬೆಳೆಯುವವನೊಬ್ಬನೇ ಆಯ್ದ ಗಡ್ಡೆಗಳನ್ನು ಚಳಿಗಾಲದ ಮೊದಲಲ್ಲಿ ಮತ್ತೆ ನೆಲಕ್ಕಿಟ್ಟು ಹೂ ಬರಗೊಡುತ್ತಾನೆ. ಅಂಥ ಹೊಲದ ಮಗ್ಗುಲಲ್ಲಿ ಒಮ್ಮೆಯಾದರೂ ನಡೆದವರಿಗೆ, ಸೊಂಟದೆತ್ತರದ ಟೊಳ್ಳು ದಂಟುಗಳ ತುದಿಯಲ್ಲಿ ಬಿಳಿಯ ಚೆಂಡುಗಳು ಸಾಲುಸಾಲಾಗಿ ನಿಂತಿರುವ ನೋಟವೂ ಅವುಗಳನ್ನು ಮುತ್ತಿದ ಜೇನ್ನೊಣಗಳ ಮೊರೆತವೂ ಮರೆಯುವಂಥವಲ್ಲ.

ಈ ಬಿಳಿಯ ಚೆಂಡೇ ಹತ್ತು ಪಾಲು ಹಿಗ್ಗಿ, ನೇರಿಳೆ, ನಸುಗೆಂಪು, ನೀಲಿ, ಹಳದಿ ಬಣ್ಣಗಳನ್ನು ತಾಳಿದರೆ ಹೇಗಿದ್ದೀತು? ಯೂರೋಪಿನ ಉದ್ಯಾನಗಳಲ್ಲಿ ಮೇ ಜೂನ್ ತಿಂಗಳುಗಳಲ್ಲಿ ಕಣ್ಸೆಳೆಯುವ ಅಲಂಕಾರದ ಈರುಳ್ಳಿಗಳು ಅಂಥವು. ಆಳೆತ್ತರದ ಬೋಳು ದಂಟಿನ ಮೇಲೆ ನೇರಿಳೆಯ ಗುಂಡನ್ನು ಹೊತ್ತ ಗಿಡವೂ ನಮ್ಮ ಪಲ್ಯದ ಈರುಳ್ಳಿಯೂ ಒಂದೇ ಕುಲಕ್ಕೆ ಸೇರಿದವೆಂದರೆ ಮೊದಲಿಗೆ ನಂಬಿಕೆ ಬಾರದು. ಲಿನೀಯಸನು ೧೭೫೩ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಈ ಕುಲಕ್ಕೆ ಬೆಳ್ಳುಳ್ಳಿಯ ಲ್ಯಾಟಿನ್ ಹೆಸರಾದ ‘ಆಲಿಯಂ’ ಎಂಬುದನ್ನೇ ಇಟ್ಟನು. ಇಂದು ಈ ಕುಲದಲ್ಲಿ ೯೦೦ಕ್ಕೂ ಮೀರಿದ ಪ್ರಭೇದಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಕೆಲವು ಊಟಕ್ಕೆ ಬಂದವು. ಕೆಲವು ತೋಟದ ಅಲಂಕಾರಕ್ಕೆ ಬಂದವು. ಮಿಕ್ಕವು ಉತ್ತರಾರ್ಧಗೋಲದ ಬೆಟ್ಟ ಬಯಲುಗಳಲ್ಲಿ ತಮ್ಮ ಪಾಡಿಗೆ ತಾವು ಬೆಳೆದುಕೊಂಡಿವೆ.

ಇಷ್ಟೊಂದು ಪ್ರಭೇದಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಹೆಸರಿಸುವ ಶ್ರಮವನ್ನೇಕೆ ವಹಿಸಬೇಕು, ಹೂ ಚೆನ್ನಾಗಿದ್ದರೆ ಸಾಲದೆ, ಎಂದು ವಾಚಕರು ಕೇಳಬಹುದು. ಸಾಲದು. ಗಿಡದ ಹೆಸರನ್ನು ಸರಿಯಾಗಿ ತಿಳಿದವನಿಗೆ ಅದರ ತವರುನೆಲ ತಿಳಿಯುತ್ತದೆ; ತವರುನೆಲ ತಿಳಿದವನಿಗೆ ಅದನ್ನು ಸಾಕುವ ಬಗೆ ತಿಳಿಯುತ್ತದೆ. ಹೆಸರು ತಪ್ಪಿದವನು ಒಮ್ಮೆ ಗಡ್ಡೆಯನ್ನು ಕಳೆದುಕೊಂಡಾನು. ಇನ್ನೊಮ್ಮೆ, ಉತ್ಪ್ರೇಕ್ಷೆಯಲ್ಲ, ಪ್ರಾಣವನ್ನೇ ಕಳೆದುಕೊಂಡಾನು.

ಅಡಿಗೆಮನೆಯ ಗಡ್ಡೆಯೇ ಮೊದಲ ಪಾಠ

ಕುಲದ ಲಕ್ಷಣಗಳನ್ನು ಅರಿಯಲು ದೂರ ಹೋಗಬೇಕಾದುದಿಲ್ಲ. ಮೊಳೆತ ಈರುಳ್ಳಿಯೊಂದನ್ನು ಚಳಿಗಾಲದ ಆರಂಭದಲ್ಲಿ ಕುಂಡದಲ್ಲಿ ನೆಟ್ಟು, ಅದು ಹೂದಂಟನ್ನೆತ್ತಿದರೆ ನಾಲ್ಕು ದಿನಕ್ಕೊಮ್ಮೆ ನೋಡುತ್ತ ಬಂದರೆ ಸಾಕು. ದಂಟಿನಲ್ಲಿ ಎಲೆಯಿಲ್ಲ, ಗೆಣ್ಣಿಲ್ಲ. ಎಲೆಗಳೆಲ್ಲ ಬುಡದಲ್ಲಿಯೇ ಇರುತ್ತವೆ. ದಂಟಿನ ತುದಿಯಲ್ಲಿ ಕಾಗದದಂತೆ ತೆಳುವಾದ ಪೊರೆಯ ಚೀಲವೊಂದು ಕಾಣಿಸಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಚೀಲ ಬಿರಿದು, ಒಳಗಿನ ನೂರಾರು ಮೊಗ್ಗುಗಳು ಹೊರಬರುತ್ತವೆ. ಒಂದೊಂದು ಮೊಗ್ಗಿಗೂ ಒಂದೊಂದು ತೊಟ್ಟು. ಆ ತೊಟ್ಟುಗಳೆಲ್ಲ ಕೊಡೆಯ ಕಡ್ಡಿಗಳಂತೆ ಒಂದೇ ಬಿಂದುವಿನಿಂದ ಹೊರಟಿರುತ್ತವೆ. ಕೊಡೆ ಅರ್ಧವಷ್ಟೇ ಬಿಚ್ಚಿಕೊಂಡರೆ ಗೊಂಚಲು ಬೋಗುಣಿಯಂತೆ ಕಾಣುತ್ತದೆ. ಪೂರ್ಣ ಹರಡಿಕೊಂಡರೆ ಚೆಂಡಾಗುತ್ತದೆ.

ಇನ್ನು ಬಿಡಿಹೂವೊಂದನ್ನು ಕಿತ್ತು ನೋಡೋಣ. ಭೂತಗನ್ನಡಿಯಿದ್ದರೆ ಮತ್ತೂ ಒಳ್ಳೆಯದು. ಮೂರು ಮೂರರ ಎರಡು ಸುತ್ತುಗಳಲ್ಲಿ ಆರು ಎಸಳುಗಳು. ಅವುಗಳಿಗೆದುರಾಗಿ ಆರು ಕೇಸರಗಳು. ನಡುವೆ ಮೂರು ಕೋಣೆಗಳ ಅಂಡಾಶಯ. ಈ ಅಂಡಾಶಯವು ಎಸಳುಗಳಿಗಿಂತ ಮೇಲೆ ಕುಳಿತಿರುವುದನ್ನು ಗಮನಿಸಬೇಕು. ಕೇಸರಗಳು ಪರಾಗವನ್ನು ಉದುರಿಸಿದ ಮೇಲೆಯೇ ಶಲಾಕೆ ನೀಳವಾಗಿ ಬೆಳೆದು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಆದುದರಿಂದ ಹೂವು ತನ್ನ ಪರಾಗದಿಂದ ತಾನೇ ಫಲಿಸುವುದು ಕಷ್ಟ. ಜೇನ್ನೊಣಗಳೇ ಮೊದಲಾದ ಕೀಟಗಳು ಬಂದು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸಾಗಿಸಬೇಕು. ಅವುಗಳಿಗಾಗಿ ಅಂಡಾಶಯದ ಮಗ್ಗುಲಲ್ಲಿ ಮಧು ಒಸರುತ್ತದೆ. ಕಾಯಿ ಬಲಿತು ಮೂರಾಗಿ ಬಿರಿದಾಗ ಮಸಿಯಂತೆ ಕಪ್ಪಾದ ಬೀಜಗಳು ಹೊರಬೀಳುತ್ತವೆ. ಚೀಲ, ಕೊಡೆ, ಆರು ಎಸಳು, ಮೇಲೆ ಕುಳಿತ ಅಂಡಾಶಯ, ಕಪ್ಪು ಬೀಜ: ಇಷ್ಟನ್ನು ಈರುಳ್ಳಿಯಲ್ಲಿ ಕಂಡುಕೊಂಡವನು ಅದರ ಬಂಧುಗಳನ್ನೆಲ್ಲ ಗುರುತಿಸುವ ದಾರಿಯಲ್ಲಿ ಅರ್ಧದಷ್ಟು ಸಾಗಿದಂತೆಯೇ ಸರಿ.

ಶಾಸ್ತ್ರಜ್ಞರೂ ಈ ಲಕ್ಷಣಗಳ ಬೆಲೆಯನ್ನು ಕುರಿತು ಬಹುಕಾಲ ಚರ್ಚಿಸಿದ್ದಾರೆ. ಅಂಡಾಶಯದ ಸ್ಥಾನವನ್ನು ಮುಖ್ಯವೆಂದೆಣಿಸಿದವರು ಈರುಳ್ಳಿಯನ್ನು ಲಿಲ್ಲಿಯ ಕುಟುಂಬದಲ್ಲಿಟ್ಟಿದ್ದರು. ೧೯೩೪ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಅವರು, ಕೊಡೆಯಂಥ ಗೊಂಚಲೇ ಹೆಚ್ಚು ಮುಖ್ಯವೆಂದು ವಾದಿಸಿ ಅದನ್ನು ಅಮರಿಲಿಸ್ ಕುಟುಂಬಕ್ಕೆ ಒಯ್ದರು. ಮುಂದೆ ಕೆಲಕಾಲ ಈರುಳ್ಳಿಗೆ ಪ್ರತ್ಯೇಕ ಕುಟುಂಬವನ್ನೇ ಕಲ್ಪಿಸಲಾಯಿತು. ಜೀವಕೋಶಗಳೊಳಗಿನ ಡಿಎನ್‌ಎಯನ್ನು ಹೋಲಿಸಿ ನೋಡುವ ಕ್ರಮ ಬಂದ ಮೇಲೆ, ೨೦೦೯ರ ಸಸ್ಯವರ್ಗೀಕರಣದಲ್ಲಿ ಅದು ಮತ್ತೆ ಅಮರಿಲಿಸ್ ಕುಟುಂಬದೊಳಗೆ ಒಂದು ಉಪಕುಟುಂಬವಾಗಿ ನೆಲೆನಿಂತಿತು.

ವಾಸನೆ ಎಲ್ಲಿಂದ ಬಂತು?

ಈ ಕುಲದ ಇನ್ನೊಂದು ಗುರುತು ಮೂಗಿಗೆ ತಿಳಿಯುವಂಥದು. ಇಡಿಯ ಈರುಳ್ಳಿಗೆ ಅಷ್ಟೇನೂ ವಾಸನೆಯಿಲ್ಲ. ಕೊಯ್ದೊಡನೆ ಘಾಟು ಏಳುತ್ತದೆ. ಗಂಧಕವುಳ್ಳ ಒಂದು ವಸ್ತುವೂ ಅದನ್ನು ಒಡೆಯಬಲ್ಲ ಕಿಣ್ವವೂ ಗಿಡದ ಜೀವಕೋಶದಲ್ಲಿ ಬೇರೆ ಬೇರೆ ಅರೆಗಳಲ್ಲಿರುತ್ತವೆ. ಚಾಕುವಾಗಲಿ ಕೀಟದ ಹಲ್ಲಾಗಲಿ ಜೀವಕೋಶವನ್ನು ಸೀಳಿದಾಗ ಎರಡೂ ಬೆರೆತು, ಘಾಟಿನ ವಸ್ತುಗಳು ಕ್ಷಣಮಾತ್ರದಲ್ಲಿ ಹುಟ್ಟುತ್ತವೆ. ಬೆಳ್ಳುಳ್ಳಿಯ ವಾಸನೆಗೆ ಕಾರಣವಾದ ಆಲಿಸಿನ್ ಎಂಬುದನ್ನು ೧೯೪೪ರಲ್ಲಿಯೂ, ಅದು ಹುಟ್ಟುವ ಮೂಲವಸ್ತುವಾದ ಆಲಿಯಿನ್ ಎಂಬುದನ್ನು ೧೯೪೮ರಲ್ಲಿಯೂ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿ ವಿವರಿಸಿದರು. ಈರುಳ್ಳಿಯಲ್ಲಿ ಕಣ್ಣೀರು ತರಿಸುವ ಆವಿಯನ್ನು ಹುಟ್ಟಿಸಲು ಎರಡನೆಯ ಕಿಣ್ವವೊಂದು ಇದೆಯೆಂಬುದನ್ನು ಜಪಾನಿನ ಸಂಶೋಧಕರು ೨೦೦೨ರಲ್ಲಿ ತೋರಿಸಿಕೊಟ್ಟರು. ಅಲಂಕಾರದ ಈರುಳ್ಳಿಗಳ ಎಲೆಯನ್ನು ಹೊಸಕಿದರೂ ಸಾಮಾನ್ಯವಾಗಿ ಇಂಥದೇ ವಾಸನೆ ಬರುತ್ತದೆ. ಇವುಗಳಲ್ಲಿ ಕೆಲವು ಪ್ರಭೇದಗಳ ಗಡ್ಡೆಯನ್ನು ಕೊಯ್ದರೆ ಕೊಯ್ದ ಮೈ ಕಿತ್ತಳೆಗೆಂಪಾಗುವುದೂ ಉಂಟು.

ಗಿಡದ ಪಾಲಿಗೆ ಇದು ಆತ್ಮರಕ್ಷಣೆಯ ಉಪಾಯ. ಮೊಲ, ಜಿಂಕೆ, ಅಳಿಲುಗಳು ತುಲಿಪ್ ಗಡ್ಡೆಗಳನ್ನು ಬಗೆದು ತಿನ್ನುವ ತೋಟಗಳಲ್ಲಿಯೂ ಈರುಳ್ಳಿಯ ಬಂಧುಗಳನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ನಾಯಿ ಬೆಕ್ಕುಗಳನ್ನು ಸಾಕಿದವರು ಇದೇ ಕಾರಣದಿಂದ ಎಚ್ಚರವಾಗಿರಬೇಕು. ಈ ಕುಲದ ಗಡ್ಡೆ ಎಲೆಗಳು ಆ ಪ್ರಾಣಿಗಳ ರಕ್ತದ ಕೆಂಪುಕಣಗಳನ್ನು ಒಡೆದು ರಕ್ತಹೀನತೆಯನ್ನುಂಟುಮಾಡುತ್ತವೆ.

ತವರುನೆಲ ಕಲಿಸುವ ಬೇಸಾಯ

ದೊಡ್ಡ ಚೆಂಡಿನ ಅಲಂಕಾರದ ಈರುಳ್ಳಿಗಳಲ್ಲಿ ಬಹುಪಾಲು ಒಂದೇ ಉಪಕುಲಕ್ಕೆ ಸೇರಿದವು. ಅದರ ಹೆಸರು ಮೆಲನೊಕ್ರೊಮ್ಮಿಯಂ. ಗ್ರೀಕ್ ಭಾಷೆಯಲ್ಲಿ ‘ಕಪ್ಪು ಈರುಳ್ಳಿ’ ಎಂದರ್ಥ. ಇವುಗಳ ತವರು ಮಧ್ಯ ಏಷ್ಯ ಮತ್ತು ಇರಾನಿನ ಬೆಟ್ಟಸೀಮೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯದ ಆಳ್ವಿಕೆ ತುರ್ಕಿಸ್ತಾನದ ಕಡೆಗೆ ಹಬ್ಬಿದಾಗ, ಅದರ ಹಿಂದೆಯೇ ಸಸ್ಯಸಂಗ್ರಾಹಕರೂ ಹೋದರು. ಸೇಂಟ್ ಪೀಟರ್ಸ್‌ಬರ್ಗ್ ನಗರದ ಸಸ್ಯೋದ್ಯಾನದಲ್ಲಿದ್ದ ಎಡುವಾರ್ಡ್ ರೇಗೆಲ್ ಎಂಬ ಜರ್ಮನ್ ವಿದ್ವಾಂಸನು ಅಲ್ಲಿಗೆ ಬಂದು ಸೇರಿದ ಗಡ್ಡೆಗಳನ್ನು ಪರಿಶೀಲಿಸಿ, ೧೮೭೫ರಲ್ಲಿ ಇಡೀ ಕುಲವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಅವನ ಮಗ ಆಲ್ಬರ್ಟ್ ರೇಗೆಲ್ ವೈದ್ಯನಾಗಿ ಆ ಸೀಮೆಯಲ್ಲಿದ್ದುಕೊಂಡು ಗಿಡಗಳನ್ನು ಸಂಗ್ರಹಿಸಿ ತಂದೆಗೆ ಕಳುಹಿಸುತ್ತಿದ್ದನು. ಇಂದು ತೋಟಗಳಲ್ಲಿ ಪ್ರಸಿದ್ಧವಾಗಿರುವ ಕರಟಾವಿಯೆನ್ಸೆ ಮತ್ತು ಗೈಗಾಂಟಿಯಂ ಎಂಬ ಪ್ರಭೇದಗಳಿಗೆ ಹೆಸರಿಟ್ಟವನು ಈ ರೇಗೆಲನೇ.

ಆ ಬೆಟ್ಟಸೀಮೆಯ ಹವೆಯನ್ನು ಮನಸ್ಸಿಗೆ ತಂದುಕೊಂಡರೆ ಈ ಗಿಡಗಳ ನಡವಳಿಕೆಯೆಲ್ಲ ಅರ್ಥವಾಗುತ್ತದೆ. ಅಲ್ಲಿ ಚಳಿಗಾಲವೆಂದರೆ ಹಿಮ, ನೆಲವೆಲ್ಲ ಹೆಪ್ಪುಗಟ್ಟಿರುತ್ತದೆ. ವಸಂತದಲ್ಲಿ ಹಿಮ ಕರಗಿ, ಒಂದಿಷ್ಟು ಮಳೆಯೂ ಬಂದು ನೆಲ ಹಸಿಯಾಗುತ್ತದೆ. ಬೇಸಗೆ ಬಂದೊಡನೆ ಮಳೆ ನಿಂತು ಮಣ್ಣು ಸುಟ್ಟು ಒಣಗುತ್ತದೆ. ಗಿಡಕ್ಕೆ ದೊರೆಯುವುದು ವಸಂತದ ಕೆಲವೇ ವಾರಗಳು. ಅಷ್ಟರೊಳಗೆ ಅದು ಎಲೆ ಬಿಟ್ಟು, ಆಹಾರ ತಯಾರಿಸಿ, ಹೂ ಬಿಟ್ಟು, ಬೀಜ ಕಟ್ಟಿ, ಮುಂದಿನ ವರ್ಷದ ಗಡ್ಡೆಯನ್ನೂ ತುಂಬಿಕೊಳ್ಳಬೇಕು. ಬೇಸಗೆಯ ಉಳಿದ ಭಾಗವನ್ನೆಲ್ಲ ಅದು ಒಣಮಣ್ಣಿನಲ್ಲಿ ನಿದ್ರಿಸಿ ಕಳೆಯುತ್ತದೆ.

ತೋಟಗಾರನ ನಿಯಮಗಳು ಒಂದೊಂದೂ ಇದರಿಂದಲೇ ಹುಟ್ಟಿದವು. ಚಳಿಸೀಮೆಯ ದೇಶಗಳಲ್ಲಿ ಗಡ್ಡೆಗಳನ್ನು ಸೆಪ್ಟೆಂಬರಿನಿಂದ ನವೆಂಬರಿನೊಳಗಾಗಿ ನೆಡಬೇಕು. ಹಾಗಾದರೆ ಬೇರು ಇಳಿದು, ಚಳಿಯ ಸಂಸ್ಕಾರವೂ ಆಗುತ್ತದೆ. ಗಡ್ಡೆಯ ಎತ್ತರದ ಮೂರರಷ್ಟು ಆಳಕ್ಕೆ ನೆಡುವುದು ರೂಢಿ. ಮುಷ್ಟಿಗಾತ್ರದ ಗೈಗಾಂಟಿಯಂ ಗಡ್ಡೆಗೆ ೧೫ರಿಂದ ೨೦ ಸೆಂಟಿಮೀಟರು ಬೇಕು. ಬಿಸಿಲು ಯಥೇಚ್ಛವಾಗಿ ಬೀಳುವ ಸ್ಥಳವನ್ನೇ ಆರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೀರು ನಿಲ್ಲದಂಥ ಮಣ್ಣಾಗಿರಬೇಕು. ಇಂಥ ಗಡ್ಡೆಗಳಲ್ಲಿ ಹಿಮಕ್ಕೆ ಬಲಿಯಾಗುವುವು ಕಡಿಮೆ; ಬೇಸಗೆಯ ನಿದ್ರೆಯಲ್ಲಿ ಬುಡದಲ್ಲಿ ನೀರು ನಿಂತು ಕೊಳೆತುಹೋಗುವುವೇ ಹೆಚ್ಚು. ಜೇಡಿ ಮಣ್ಣಾದರೆ ದಪ್ಪ ಮರಳನ್ನೋ ಸಣ್ಣ ಜಲ್ಲಿಯನ್ನೋ ಬೆರೆಸಿ ಮಡಿಯನ್ನು ಎತ್ತರಿಸುವುದು ಲೇಸು.

ಹೊಸಬರನ್ನು ಕಳವಳಗೊಳಿಸುವ ಸಂಗತಿಯೊಂದಿದೆ. ದೊಡ್ಡ ಪ್ರಭೇದಗಳಲ್ಲಿ ಹೂ ಅರಳುವ ಹೊತ್ತಿಗೆ ಎಲೆಗಳ ತುದಿ ಹಳದಿಯಾಗಿ ಬಾಡತೊಡಗುತ್ತದೆ. ಇದು ರೋಗವಲ್ಲ, ನೀರಿನ ಕೊರತೆಯೂ ಅಲ್ಲ. ತವರಿನಲ್ಲಿ ಒಣಬೇಸಗೆ ಬಾಗಿಲಿಗೆ ಬಂದಿರುವ ಸಮಯವದು. ಎಲೆಯ ಕೆಲಸ ಮುಗಿಯುತ್ತ ಬಂದಿದೆ, ಅದರೊಳಗಿನ ಸಾರ ಗಡ್ಡೆಗೆ ಇಳಿಯುತ್ತಿದೆ. ಅಂದಗೇಡೆಂದು ಹಸಿಯಾಗಿರುವಾಗಲೇ ಎಲೆಯನ್ನು ಕತ್ತರಿಸಿದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತಾಗುತ್ತದೆ. ಈ ಉಪಕುಲದ ಗಿಡಗಳಲ್ಲಿ ಗಡ್ಡೆ ವರ್ಷ ವರ್ಷವೂ ಹೊಸದು: ಹಳೆಯದು ಎಲೆ ಹೂಗಳಿಗಾಗಿ ಕರಗಿಹೋಗುತ್ತದೆ, ಅದರ ಹೊದಿಕೆಯೊಳಗೇ ಹೊಸ ಗಡ್ಡೆ ತುಂಬಿಕೊಳ್ಳುತ್ತದೆ. ಆದ್ದರಿಂದ ಜಾಣ ತೋಟಗಾರರು ಎಲೆಯನ್ನು ಕೊಯ್ಯುವ ಬದಲು, ಮುಂದುಗಡೆ ಬೇರೆ ಗಿಡಗಳನ್ನು ಬೆಳೆಸಿ ಮರೆಮಾಡುತ್ತಾರೆ.

ಬೀಜದಿಂದ ಬೆಳೆಸುವುದಕ್ಕೆ ತಾಳ್ಮೆ ಬೇಕು. ಈ ಗುಂಪಿನ ಬೀಜಗಳು ಹಿಮಬಿಂದುವಿಗಿಂತ ತುಸುವೇ ಮೇಲಿನ ಚಳಿಯಲ್ಲಿ ವಾರಗಟ್ಟಲೆ ಇದ್ದಲ್ಲದೆ ಮೊಳೆಯುವುದಿಲ್ಲ. ಮೊಳೆತ ಮೇಲೆಯೂ ಹೂ ಕಾಣಲು ಮೂರರಿಂದ ಐದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕು. ಗಡ್ಡೆಯ ಮಗ್ಗುಲಲ್ಲಿ ಹುಟ್ಟುವ ಮರಿಗಳನ್ನು ಗಿಡ ನಿದ್ರಿಸುವಾಗ ಬಿಡಿಸಿ ನೆಡುವುದು ಹತ್ತಿರದ ದಾರಿ. ರೋಗಗಳಲ್ಲಿ ಭಯಂಕರವಾದುದು ಗಡ್ಡೆಯ ಬುಡವನ್ನು ಬಿಳಿಯ ಬೂಷ್ಟಿನಿಂದ ಮುಚ್ಚಿ ಕೊಳೆಯಿಸುವ ಬಿಳಿಕೊಳೆರೋಗ. ಅದರ ಶಿಲೀಂಧ್ರದ ಕರಿಯ ಕಾಳುಗಳು ಮಣ್ಣಿನಲ್ಲಿ ೨೦ ವರ್ಷದವರೆಗೂ ಜೀವ ಹಿಡಿದಿರಬಲ್ಲವು. ಆ ರೋಗ ಬಂದ ನೆಲದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಅಲಂಕಾರದ ಈರುಳ್ಳಿ ಯಾವುದನ್ನೂ ಮತ್ತೆ ನೆಡಬಾರದು; ರೋಗದ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕಲೂಬಾರದು.

ಇವನ್ನು ಬೆಂಗಳೂರಿನಲ್ಲಿ ಬೆಳೆಯಬಹುದೆ ಎಂಬ ಪ್ರಶ್ನೆಗೆ ಉತ್ತರವೂ ಮೇಲಿನ ಮಾತುಗಳಲ್ಲಿಯೇ ಇದೆ. ಹಿಮದ ಚಳಿಯೂ ಒಣಬೇಸಗೆಯ ನಿದ್ರೆಯೂ ಎರಡೂ ಇಲ್ಲದ, ಗಡ್ಡೆ ಮಲಗಬೇಕಾದ ಕಾಲದಲ್ಲಿ ಮುಂಗಾರು ಸುರಿಯುವ ನಮ್ಮ ಸೀಮೆ ಮಧ್ಯ ಏಷ್ಯದ ಗಿಡಕ್ಕೆ ಒಗ್ಗುವುದಿಲ್ಲ. ಆದರೆ ಕುಲದವೆಲ್ಲ ಒಂದೇ ಸ್ವಭಾವದವಲ್ಲ. ಹಿಮಾಲಯದ ವಾಲಿಚಿಯೈ ಎಂಬ ಪ್ರಭೇದವು ಮಳೆಗಾಲದಲ್ಲಿಯೇ ಬೆಳೆದು, ಕೆನ್ನೇರಿಳೆಯ ನಕ್ಷತ್ರದಂಥ ಹೂಗಳನ್ನು ಬಿಡುತ್ತದೆ. ಅದಕ್ಕೆ ಬೇಸಗೆಯಲ್ಲಿ ನೀರು ತಪ್ಪಿದರೆ ಕೇಡು. ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ನಥೇನಿಯಲ್ ವಾಲಿಚ್‌ನ ನೆನಪಿಗಾಗಿ ಅದಕ್ಕೆ ಆ ಹೆಸರು. ಒಂದೇ ಕುಲದ ಎರಡು ಗಿಡ: ಒಂದಕ್ಕೆ ಬೇಸಗೆಯ ನೀರು ಮೃತ್ಯು, ಇನ್ನೊಂದಕ್ಕೆ ಜೀವ. ಚೀನಾ ದೇಶದವರು ಊಟಕ್ಕೆ ಬಳಸುವ ಟ್ಯೂಬರೋಸಂ ಎಂಬ ಬೆಳ್ಳುಳ್ಳಿವಾಸನೆಯ ಸೊಪ್ಪಿನ ಪ್ರಭೇದವಾದರೋ ನಮ್ಮ ಬೆಚ್ಚನೆಯ ಹವೆಯಲ್ಲಿಯೂ ಬೆಳೆದು ಬಿಳಿಯ ಹೂ ಬಿಡಬಲ್ಲುದು. ಹೆಸರು ತಿಳಿದರೆ ಬೇಸಾಯ ತಿಳಿಯಿತೆಂದು ಹೇಳಿದುದು ಈ ಕಾರಣದಿಂದಲೇ.

ಗುರುತಿಸುವ ಕ್ರಮ

ತೋಟದಲ್ಲಿ ಕಂಡ ಅಲಂಕಾರದ ಈರುಳ್ಳಿಯನ್ನು ಗುರುತಿಸಬೇಕಾದರೆ ಬಣ್ಣವನ್ನೊಂದೇ ನೆಚ್ಚಬಾರದು. ನೇರಿಳೆಯ ಚೆಂಡುಗಳು ಹಲವಿವೆ. ಬುಡದಿಂದ ತುದಿಯ ಕಡೆಗೆ ಕ್ರಮವಾಗಿ ನೋಡುತ್ತ ಹೋಗುವುದು ಮೇಲು. ಮೊದಲು ಎಲೆ. ನಮ್ಮ ಈರುಳ್ಳಿಯಂತೆ ಟೊಳ್ಳುಕೊಳವೆಯೆ, ಬೆಳ್ಳುಳ್ಳಿಯಂತೆ ಚಪ್ಪಟೆಯೆ, ಅಂಗೈಯಗಲದ ಪಟ್ಟಿಯೆ? ಆಮೇಲೆ ದಂಟು. ಎತ್ತರವೆಷ್ಟು, ದುಂಡೋ ಮೂರು ಮೂಲೆಯದೋ? ಆಮೇಲೆ ಗೊಂಚಲು. ತೊಟ್ಟುಗಳೆಲ್ಲ ಒಂದೇ ಉದ್ದವೆ, ಹೆಚ್ಚುಕಡಮೆಯೆ? ಕಡೆಗೆ, ಹೂ ಬಾಡಿದ ಮೇಲೆ ಎಸಳುಗಳು ಏನಾಗುತ್ತವೆ? ಇದರೊಡನೆ ಹೂ ಬಿಟ್ಟ ತಿಂಗಳನ್ನೂ ಬರೆದಿಟ್ಟುಕೊಂಡರೆ ಬಹುಮಟ್ಟಿಗೆ ತೀರ್ಮಾನ ಸಿಕ್ಕುತ್ತದೆ.

ಎರಡೋ ಮೂರೋ ಅಗಲವಾದ ಬೂದುನೀಲಿ ಎಲೆಗಳು ನೆಲದ ಮೇಲೆ ಹರಡಿ, ಅಂಚಿನಲ್ಲಿ ಕೆಂಪು ಗೆರೆಯಿದ್ದು, ಗೇಣುದ್ದದ ದಂಟಿನ ಮೇಲೆ ಮಾಸಲು ನಸುಗೆಂಪಿನ ಚೆಂಡು ಕುಳಿತಿದ್ದರೆ ಅದು ಕರಟಾವಿಯೆನ್ಸೆ. ಕಜಾಕಸ್ತಾನದ ಕರತೌ ಬೆಟ್ಟಸಾಲಿನಿಂದ ಬಂದ ಹೆಸರು. ಒಂದೂಕಾಲು ಮೀಟರಿಗೂ ಮೀರಿದ ಎತ್ತರದ ನುಣುಪಾದ ದಂಟು, ಮೇಲೆ ೧೦ರಿಂದ ೧೫ ಸೆಂಟಿಮೀಟರಿನ ದಟ್ಟವಾದ ನೇರಿಳೆ ಚೆಂಡು, ಎಲ್ಲ ದೊಡ್ಡ ಚೆಂಡುಗಳಿಗಿಂತ ತಡವಾಗಿ ಜೂನಿನ ಕೊನೆಯ ವೇಳೆಗೆ ಅರಳುವಿಕೆ: ಇವು ಗೈಗಾಂಟಿಯಂ ಎಂಬುದರ ಗುರುತು. ದಂಟು ಮೊಳದುದ್ದಕ್ಕಿಂತ ಹೆಚ್ಚಿಲ್ಲದಿದ್ದರೂ ಚೆಂಡು ೨೦ ಸೆಂಟಿಮೀಟರಿನಷ್ಟು ದೊಡ್ಡದಾಗಿ, ಒಂದೊಂದು ಹೂವೂ ಲೋಹದ ಹೊಳಪಿನ ನಕ್ಷತ್ರದಂತಿದ್ದರೆ ಅದು ಕ್ರಿಸ್ಟೋಫಿಯೈ. ಇದರ ಎಲೆಯ ಅಂಚಿನಲ್ಲಿ ಮೃದುವಾದ ರೋಮಗಳಿವೆ. ಹೂ ಮುಗಿದ ಮೇಲೆ ಎಸಳುಗಳು ಸುರುಟಿಹೋಗದೆ ಮುಳ್ಳಿನಂತೆ ಗಡುಸಾಗಿ ನಿಲ್ಲುವುದರಿಂದ, ಒಣಗಿದ ಚೆಂಡನ್ನು ತಿಂಗಳುಗಟ್ಟಲೆ ಮನೆಯಲ್ಲಿ ಅಲಂಕಾರಕ್ಕಿಡುತ್ತಾರೆ.

ತೊಟ್ಟುಗಳಲ್ಲಿ ಕೆಲವು ಗಿಡ್ಡ, ಕೆಲವು ಬಹು ನೀಳವಾಗಿ, ಇಡೀ ಗೊಂಚಲು ಸಿಡಿದ ಬಾಣಬಿರುಸಿನಂತೆ ಕಂಡರೆ ಅದು ಶೂಬರ್ಟಿಯೈ. ಅದರ ತವರು ಪಶ್ಚಿಮ ಏಷ್ಯ. ಒಣಗಿದ ಗೊಂಚಲು ದಂಟಿನಿಂದ ಕಳಚಿ ಗಾಳಿಗೆ ನೆಲದ ಮೇಲೆ ಉರುಳುತ್ತ ಬೀಜವನ್ನು ಚೆಲ್ಲಿಕೊಂಡು ಹೋಗುತ್ತದೆ. ಆಕಾಶದ ನೀಲಿ ಬಣ್ಣದ ಚಿಕ್ಕ ಚೆಂಡಾದರೆ ಸೆರೂಲಿಯಂ. ಹೊಳೆಯುವ ಹಳದಿಯಾದರೆ ಸ್ಪೇನಿನ ಕಡೆಯ ಮೋಲಿ. ಜುಲೈ ತಿಂಗಳಲ್ಲಿ, ಕೆಳಗೆ ಹಸಿರೂ ಮೇಲೆ ಕೆಂಪುದ್ರಾಕ್ಷಿಯ ಬಣ್ಣವೂ ಆಗಿ, ಮೊಟ್ಟೆಯಾಕಾರದ ಪುಟ್ಟ ತಲೆಗಳು ತೆಳುದಂಟಿನ ಮೇಲೆ ತೂಗಾಡಿದರೆ ಸ್ಫೀರೊಸೆಫಾಲನ್. ಬ್ರಿಟನ್ನಿನ ನೆಲದಲ್ಲಿ ಇದು ತಾನಾಗಿ ಬೆಳೆಯುವುದು ಬ್ರಿಸ್ಟಲ್ ನಗರದ ಏವನ್ ಕಮರಿಯ ಬಂಡೆಗಳಲ್ಲಿ ಮಾತ್ರ. ಬಿಳಿಯ ಹೂಗಳು ಜೋಲುಬಿದ್ದು, ದಂಟು ಮೂರು ಮೂಲೆಯದಾಗಿದ್ದರೆ ಟ್ರೈಕ್ವೆಟ್ರಂ. ಅದನ್ನು ತೋಟಕ್ಕೆ ಕರೆತರದಿರುವುದೇ ಕ್ಷೇಮ. ಬ್ರಿಟನ್ನಿನಲ್ಲಿ ಅದು ಕಾಡಿಗೆ ನುಗ್ಗಿ ಕಳೆಯಾಗಿ ಹಬ್ಬಿದುದರಿಂದ ಅದನ್ನು ಹೊರಗೆ ನೆಡುವುದನ್ನು ಇಂಗ್ಲೆಂಡಿನ ಕಾನೂನು ನಿಷೇಧಿಸಿದೆ.

ವ್ಯಾಪಾರದ ಹೆಸರು, ಶಾಸ್ತ್ರದ ಹೆಸರು

ಇಷ್ಟೆಲ್ಲ ಗುರುತುಗಳಿದ್ದರೂ ಅಂಗಡಿಯ ಚೀಟಿಯನ್ನು ನಂಬಿ ಮೋಸಹೋಗುವುದು ಸುಲಭ. ಮೇ ತಿಂಗಳಲ್ಲಿ ಅರಳುವ, ಸೊಂಟದೆತ್ತರದ ಒಂದು ನೇರಿಳೆ ಚೆಂಡು ಡಚ್ ವ್ಯಾಪಾರಿಗಳ ಕೈಯಿಂದ ಅಫ್ಲಟುನೆನ್ಸೆ ಎಂಬ ಹೆಸರಿನಲ್ಲಿ ಜಗತ್ತಿನ ತೋಟಗಳಿಗೆಲ್ಲ ಹೋಗಿತ್ತು. ಆ ಹೆಸರು ಮಧ್ಯ ಏಷ್ಯದ ಒಂದು ಪ್ರಭೇದಕ್ಕೆ ೧೯೦೪ರಲ್ಲಿಯೇ ಸಂದಿತ್ತು. ಜರ್ಮನಿಯ ಗಾಟರ್ಸ್‌ಲೇಬೆನ್ ಸಂಶೋಧನಾಲಯದಲ್ಲಿ ಈ ಕುಲವನ್ನು ಅಭ್ಯಸಿಸಿದ ರೈನ್‌ಹಾರ್ಟ್ ಫ್ರಿಚ್ ಅವರು ಎರಡನ್ನೂ ಹೋಲಿಸಿ, ತೋಟದ ಗಿಡವು ಬೇರೆಯೇ ಪ್ರಭೇದವೆಂದು ಕಂಡು, ೧೯೯೩ರಲ್ಲಿ ಅದಕ್ಕೆ ಹಾಲಂಡಿಕಂ ಎಂದು ಹೆಸರಿಟ್ಟರು. ಹಾಲೆಂಡ್ ಅದರ ಹುಟ್ಟೂರಲ್ಲ. ಅಲ್ಲಿನ ಹೊಲಗಳಲ್ಲಿ ಬೆಳೆದು ಪ್ರಸಿದ್ಧಿಗೆ ಬಂದುದಕ್ಕಾಗಿ ಆ ಹೆಸರು. ಕೋಟಿಗಟ್ಟಲೆ ಕಣ್ಣುಗಳು ನೋಡಿ ಮೆಚ್ಚಿದ ಗಿಡಕ್ಕೆ ಅಷ್ಟು ಕಾಲ ತನ್ನದೇ ಆದ ಹೆಸರು ಇರಲಿಲ್ಲವೆಂಬುದು ವಿನೋದವೇ ಸರಿ.

ಗೊಂದಲಕ್ಕೆ ಇನ್ನೊಂದು ಕಾರಣ ಬೀಜ. ಹಾಲಂಡಿಕಂ ಗಿಡದಿಂದ ಆಯ್ದ, ಕಡುನೇರಿಳೆಯ ‘ಪರ್ಪಲ್ ಸೆನ್ಸೇಷನ್’ ಎಂಬ ತಳಿ ಬೀಜವನ್ನು ಧಾರಾಳವಾಗಿ ಉದುರಿಸುತ್ತದೆ. ಆ ಬೀಜದಿಂದ ಎದ್ದ ಮಕ್ಕಳು ಬಣ್ಣದಲ್ಲಿ ತಾಯಿಯನ್ನು ಹೋಲದೆ ತೆಳುವಾಗುತ್ತವೆ. ಕೆಲವು ವರ್ಷಗಳಲ್ಲಿ ಮಡಿಯ ತುಂಬ ಮಕ್ಕಳೇ ತುಂಬಿ, ಮಾಲೀಕನು ಮಾತ್ರ ಹಳೆಯ ಹೆಸರನ್ನೇ ಹೇಳುತ್ತಿರುತ್ತಾನೆ. ಇದಕ್ಕೆ ವಿರುದ್ಧವಾಗಿ, ಕ್ರಿಸ್ಟೋಫಿಯೈ ಮತ್ತು ಮ್ಯಾಕ್ಲೀನಿಯೈ ಪ್ರಭೇದಗಳ ಸಂಕರದಿಂದ ಹುಟ್ಟಿದ ‘ಗ್ಲೋಬ್‌ಮಾಸ್ಟರ್’ ಎಂಬ ಭಾರಿ ಚೆಂಡು ಬೀಜವನ್ನೇ ಕಟ್ಟುವುದಿಲ್ಲ. ಚೆಂಡು ಬಾಡಿದ ಮೇಲೆ ಅದರಲ್ಲಿ ಕಪ್ಪು ಬೀಜ ಇದೆಯೋ ಇಲ್ಲವೋ ನೋಡಿದರೆ ಸಂಕರವೆಂಬುದನ್ನು ಶಂಕಿಸಲು ಒಂದು ಆಧಾರ ದೊರೆಯುತ್ತದೆ.

ಗುರುತು ತಪ್ಪಿದರೆ

ಅಲಂಕಾರದ ಗಿಡದ ಹೆಸರು ತಪ್ಪಿದರೆ ಗಡ್ಡೆಯ ಬೆಲೆ ನಷ್ಟವಾದೀತು, ಅಷ್ಟೆ. ಆದರೆ ಇದೇ ಕುಲದಲ್ಲಿ ಜನರು ಕಾಡಿನಿಂದ ಕೊಯ್ದು ತಿನ್ನುವ ಪ್ರಭೇದವೊಂದಿದೆ. ಯೂರೋಪಿನ ತಂಪಾದ ಕಾಡುಗಳ ನೆಲವನ್ನು ವಸಂತದಲ್ಲಿ ಹಾಸಿದಂತೆ ಮುಚ್ಚುವ ಆಲಿಯಂ ಅರ್ಸೈನಂ, ಎಂದರೆ ಕರಡಿಯ ಬೆಳ್ಳುಳ್ಳಿ. ಬಿಳಿಯ ನಕ್ಷತ್ರದಂಥ ಹೂಗಳಿಗಾಗಿ ಮರಗಳ ನೆರಳಿನ ತೋಟಗಳಲ್ಲಿಯೂ ಇದನ್ನು ಬೆಳೆಸುವುದುಂಟು. ಇದರ ಎಲೆಯನ್ನು ಹೂ ಬರುವ ಮುನ್ನವೇ ಕೊಯ್ದು ಸಾರಿಗೂ ಚಟ್ನಿಯಂಥ ವ್ಯಂಜನಗಳಿಗೂ ಬಳಸುತ್ತಾರೆ. ಅದೇ ಕಾಲದಲ್ಲಿ, ಬಹುಮಟ್ಟಿಗೆ ಅದೇ ಆಕಾರದ ಎಲೆಯನ್ನು ಬಿಡುವ ಇನ್ನೊಂದು ಗಿಡ ಕಾಲ್ಚಿಕಂ. ಅದು ಶರತ್ಕಾಲದಲ್ಲಿ ಎಲೆಯಿಲ್ಲದೆ ಹೂ ಬಿಡುತ್ತದೆ. ವಸಂತದಲ್ಲಿ ಹೂವಿಲ್ಲದೆ ಎಲೆ ಬಿಡುತ್ತದೆ. ಹೀಗಾಗಿ ಎಲೆ ಕೊಯ್ಯುವವನಿಗೆ ಹೂವಿನ ಸಾಕ್ಷ್ಯ ದೊರೆಯುವುದಿಲ್ಲ. ಒಂದನ್ನು ಇನ್ನೊಂದೆಂದು ತಿಂದು ಸತ್ತವರ ವೃತ್ತಾಂತಗಳು ಮಧ್ಯ ಯೂರೋಪಿನ ವೈದ್ಯಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಪ್ರಕಟವಾಗಿವೆ.

ಕಾಲ್ಚಿಕಂ ಗಿಡದ ವಿಷ ಕಾಲ್ಚಿಸಿನ್. ಜೀವಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮ ನಾಳಗಳ ರಚನೆಯನ್ನು ಅದು ತಡೆಯುತ್ತದೆ. ಗಿಡಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಲು ತಳಿವಿಜ್ಞಾನಿಗಳು ೧೯೩೭ರಿಂದ ಬಳಸುತ್ತಿರುವುದೂ, ಸಂಧಿವಾತದ ಒಂದು ಬಗೆಗೆ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಕೊಡುವುದೂ ಇದೇ ವಸ್ತುವನ್ನು. ತಿಂದೊಡನೆ ಏನೂ ತೋರದು. ಹಲವು ಗಂಟೆಗಳು ಕಳೆದ ಮೇಲೆ ವಾಂತಿ ಭೇದಿಗಳು ಮೊದಲಾಗಿ, ಮುಂದೆ ಒಂದೊಂದೇ ಅಂಗ ಸೋಲುತ್ತದೆ.

ಇವೆರಡನ್ನೂ ಬೇರ್ಪಡಿಸುವ ಗುರುತುಗಳು ಸ್ಪಷ್ಟವಾಗಿವೆ. ಕರಡಿಯ ಬೆಳ್ಳುಳ್ಳಿಯ ಪ್ರತಿ ಎಲೆಗೂ ನೀಳವಾದ ತೊಟ್ಟು ಉಂಟು. ಎಲೆಗಳು ಒಂದೊಂದಾಗಿ ನೆಲದಿಂದ ಏಳುತ್ತವೆ. ಕಾಲ್ಚಿಕಂ ಎಲೆಗಳಿಗೆ ತೊಟ್ಟಿಲ್ಲ. ಒಂದನ್ನೊಂದು ಅಪ್ಪಿಕೊಂಡು ಒಂದೇ ಕಟ್ಟಾಗಿ ಮೇಲೇಳುತ್ತವೆ. ಎಲೆಯನ್ನು ಹೊಸಕಿ ಮೂಸಿ ನೋಡಬಹುದಲ್ಲ ಎಂದರೆ, ಅನೇಕರನ್ನು ವಂಚಿಸಿದುದು ಆ ಪರೀಕ್ಷೆಯೇ. ಮೊದಲ ಎಲೆಯನ್ನು ಹೊಸಕಿದ ಬೆರಳಿನಲ್ಲಿ ಬೆಳ್ಳುಳ್ಳಿಯ ವಾಸನೆ ಅಂಟಿಕೊಳ್ಳುತ್ತದೆ. ಅನಂತರ ಮುಟ್ಟಿದ ಎಲೆಯೆಲ್ಲವೂ ಆ ವಾಸನೆಯನ್ನೇ ಕೊಡುತ್ತದೆ. ರಾಶಿಯೊಳಗೆ ಬೆರೆತ ನಾಲ್ಕಾರು ವಿಷದೆಲೆಗಳನ್ನು ಮೂಗು ಕಂಡುಹಿಡಿಯಲಾರದು. ಕೈಗೆ ಬಂದಷ್ಟನ್ನು ಹಿಡಿಹಿಡಿಯಾಗಿ ಕೀಳದೆ, ಎಲೆಯೆಲೆಯನ್ನೂ ಕಣ್ಣಿಟ್ಟು ನೋಡಿ ಕೊಯ್ಯುವುದೊಂದೇ ದಾರಿ.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಕಾಲ್ಚಿಸಿನ್ ನಮ್ಮ ಬೇಲಿಗಳಲ್ಲಿ ಮಳೆಗಾಲದಲ್ಲಿ ಉರಿಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇದೆ. ಇನ್ನು ಕಾಡೀರುಳ್ಳಿ ಎಂದು ಜನರು ಕರೆಯುವ ಗಿಡವಂತೂ ಹೆಸರಿನಿಂದಲೇ ದಾರಿತಪ್ಪಿಸುವಂಥದು. ಅದರ ಗಡ್ಡೆ ಪದರಪದರವಾಗಿ ಈರುಳ್ಳಿಯಂತೆಯೇ ಇದ್ದರೂ ಅದು ಆಲಿಯಂ ಕುಲಕ್ಕೆ ಸೇರಿದುದಲ್ಲ. ಹೃದಯದ ಬಡಿತವನ್ನು ಕೆಡಿಸುವ ವಿಷ ಅದರಲ್ಲ���ದೆ. ಆದರೆ ನಾವು ಕುಂಡದ ಈರುಳ್ಳಿಯಿಂದ ಕಲಿತ ಪಾಠ ಇಲ್ಲಿ ಒದಗುತ್ತದೆ. ಕಾಡೀರುಳ್ಳಿಯ ಹೂದಂಟು ಎಲೆ ಬರುವ ಮುನ್ನವೇ ಏಳುತ್ತದೆ. ಹೂಗಳು ಕೊಡೆಯಂತೆ ಒಂದೇ ಬಿಂದುವಿನಿಂದ ಹೊರಡದೆ, ದಂಟಿನ ಉದ್ದಕ್ಕೂ ಒಂದರ ಮೇಲೊಂದಾಗಿ ಬಿಡಿಬಿಡಿಯಾಗಿ ಕುಳಿತಿರುತ್ತವೆ. ಮೊಗ್ಗುಗಳೆಲ್ಲವನ್ನೂ ಹೊದಿಸುವ ಪೊರೆಯ ಚೀಲವಿಲ್ಲ. ಗಡ್ಡೆಯನ್ನು ಕೊಯ್ದರೆ ಈರುಳ್ಳಿಯ ಘಾಟಿಲ್ಲ. ನಾಲ್ಕು ಲಕ್ಷಣಗಳೂ ಒಂದೇ ಮಾತನ್ನು ಹೇಳುತ್ತವೆ.

ಗಿಡವನ್ನು ಗುರುತಿಸುವುದು ವಿದ್ವಾಂಸರ ವಿಲಾಸವೆಂದೂ ಉದ್ದುದ್ದದ ಲ್ಯಾಟಿನ್ ಹೆಸರುಗಳ ಕಂಠಪಾಠವೆಂದೂ ಭಾವಿಸುವವರುಂಟು. ವಾಸ್ತವವಾಗಿ ಅದು ಎಲೆಯನ್ನೂ ದಂಟನ್ನೂ ಹೂವನ್ನೂ ಬೀಜವನ್ನೂ ಕ್ರಮವಾಗಿ ನೋಡುವ ಒಂದು ಅಭ್ಯಾಸ ಮಾತ್ರ. ಮಧ್ಯ ಏಷ್ಯದ ನೇರಿಳೆಯ ಚೆಂಡನ್ನು ನೋಡುವ ಅವಕಾಶ ನಮ್ಮಲ್ಲಿ ಎಲ್ಲರಿಗೂ ಬಾರದು. ಆದರೆ ಬುಟ್ಟಿಯಲ್ಲಿ ಮೊಳೆತು ಕುಳಿತ ಈರುಳ್ಳಿ ಎಲ್ಲರ ಮನೆಯಲ್ಲಿಯೂ ಸಿಕ್ಕೀತು. ಅದನ್ನು ಎಸೆಯದೆ, ಬರುವ ಚಳಿಗಾಲದಲ್ಲಿ ಒಂದು ಕುಂಡದಲ್ಲಿಟ್ಟು ನೀರು ಹಾಕಿ ನೋಡಿರಿ. ಹೂದಂಟು ಎದ್ದರೆ ಮನೆಯ ಮಕ್ಕಳಿಗೆ ಆ ಆರು ಎಸಳುಗಳನ್ನೂ ಆರು ಕೇಸರಗಳನ್ನೂ ಎಣಿಸಲು ಹೇಳಿರಿ.